ರಾಜಹಂಸಗಳ ಹಿಂದಿದ್ದವನು

ಹಗ್ಗದ ನಟ್ಟನಡುವೆ ಎರಡು ಕ್ಲಿಪ್ಪುಗಳು ಖಾಲಿ ತೂಗಾಡುತ್ತಿದ್ದವು.

ಎಮ್ನಾ ಒಂದು ಕ್ಷಣ ನಿಂತೇಬಿಟ್ಟಳು. ಆಮೇಲೆ ಖಮೈಸ್ ಕಾಕಾನ ಮನೆಗೆ ಓಡಿದಳು. ಅವಳು ಉಳಿದುಕೊಂಡಿದ್ದ ಕೋಣೆಯಲ್ಲಿ ಕ್ಯಾಮೆರಾ ಇತ್ತು. ಲೆನ್ಸುಗಳೂ ಇದ್ದವು. ಮೆಮೊರಿ ಕಾರ್ಡ್ ಮಾತ್ರ — ಇಲ್ಲ!

"ಯಾವ ನಾಯಿ ಮುಟ್ಟಿದ್ದು ಇದನ್ನ?" ಎಂದು ಅವಳು ಕೂಗಿದ ಕೂಗಿಗೆ ಕೆರ್ಕೆನ್ನಾ ದ್ವೀಪದ ಬೆಕ್ಕುಗಳೆಲ್ಲ ಚದುರಿಹೋದವು.

ವರ್ಷವಿಡೀ ಈ ಉಪ್ಪುನೀರಿನಲ್ಲಿ ಸೊಂಟದವರೆಗೆ ಮುಳುಗಿ ನಿಂತು ತೆಗೆದ ಚಿತ್ರಗಳವು. ಬಡವರ ಮುಖವನ್ನು ಸೆರೆಹಿಡಿದುಕೊಂಡು ರಾಜಧಾನಿಗೆ ಓಡಿಹೋಗುವ ಫೋಟೋಗ್ರಾಫರರನ್ನು ಕಂಡರೆ ಎಮ್ನಾಗೆ ಮೈಯೆಲ್ಲ ಉರಿ. ಮೊದಲು ಊರಿನವರು ನೋಡಬೇಕು, ಆಮೇಲೆ ಲೋಕ. ಅದಕ್ಕೇ ನಿನ್ನೆ ಸಂಜೆ ಜೆಟ್ಟಿಯಲ್ಲಿ ಆಕ್ಟೋಪಸ್ ಒಣಗಿಸುವ ಹಗ್ಗಗಳ ಮೇಲೆ ಎಲ್ಲವನ್ನೂ ನೇತುಹಾಕಿದ್ದಳು. ಮಧ್ಯಾಹ್ನದ ಹಡಗಿಗೆ ಅವು ರಾಜಧಾನಿ ಟ್ಯುನಿಸ್‌ನ ಪ್ರದರ್ಶನಕ್ಕೆ ಹೊರಡಬೇಕಿತ್ತು. ಕಳುವಾಗಿದ್ದು ಎಲ್ಲಕ್ಕೂ ಜೀವವಾದ ಚಿತ್ರ — ಬೆಳಗಿನ ಎಳೆಬಿಸಿಲು, ಮೀನು ಹಿಡಿಯಲು ಕಡಲಿನೊಳಗೆ ನೆಟ್ಟ ತಾಳೆಗರಿ ಬೇಲಿ, ಅದರ ಮುಂದೆ ರಾಜಹಂಸಗಳ ಹಿಂಡು.

ಕೂಗು ಕೇಳಿ ಜೆಟ್ಟಿಯಲ್ಲಿ ಜನ ಸೇರಿದರು. ಪೊಲೀಸ್ ಠಾಣೆಯ ಲಸ್ಸಾದ್ ಕಾಫಿ ಲೋಟ ಹಿಡಿದುಕೊಂಡೇ ಬಂದ.

"ಯಾರ ಮೇಲೆ ಅನುಮಾನ ತಂಗೀ?"

"ಅನುಮಾನ ಪಡೋದು ನಿನ್ನ ಕೆಲಸ ಅಲ್ವಾ?"

"ಬೆಳಿಗ್ಗೆ ಬೆಳಿಗ್ಗೆ ಯಾಕೆ ಕಚ್ತೀಯ? ಗಾಳಿ ಹಾರಿಸ್ಕೊಂಡು ಹೋಗಿರಬಹುದು."

"ಗಾಳಿ ಚೀಲದ ಜಿಪ್ ತೆಗೆದು ಕಾರ್ಡನ್ನೂ ಹಾರಿಸ್ಕೊಂಡು ಹೋಯ್ತಾ?"

ಲಸ್ಸಾದ್ ಕಾಫಿ ಹೀರಿ, ನಿನ್ನೆ ಇಲ್ಲಿದ್ದವರನ್ನು ಕರೆಸಿದ.

ನಿನ್ನೆ ಚಿತ್ರ ಕಟ್ಟುವಾಗ ಇದ್ದವರು ಮೂವರೇ. ಮನೆಯ ಯಜಮಾನ ಖಮೈಸ್. ಅವನ ಪಕ್ಕದ ಬೇಲಿಯ ಒಡೆಯ, ಬಾಯಿಬಡುಕ ತಿಜಾನಿ. ಸ್ಫಾಕ್ಸ್ ಪಟ್ಟಣದ ನೌಫಲ್ — ಹಡಗಿನಲ್ಲಿ ಟಿಕೆಟ್ ಹರಿಯುವವನು, ಖಮೈಸನ ಮಗಳು ದೊರ್ಸಾಫಳನ್ನು ಮದುವೆಯಾಗಬೇಕಾದವನು. ರಾತ್ರಿ ಮೂವರೂ ಅದೇ ಮನೆಯಲ್ಲಿ ಮೀನಿನ ಕುಸ್ಕುಸ್ ಉಂಡಿದ್ದರು.

"ನನ್ನನ್ನ ಯಾಕೆ ಕರೆಸಿದ್ರಿ?" ತಿಜಾನಿ ಬರುವಾಗಲೇ ಸಿಡಿದ. "ನನ್ನ ಮೂತಿ ಇರೋ ಚಿತ್ರ ಅಲ್ಲೇ ನೇತಾಡ್ತಿದೆ. ಕದಿಯೋದಾಗಿದ್ರೆ ಅದನ್ನೇ ಕದೀತಿದ್ದೆ. ಮೂಗು ನೋಡು, ಬದನೆಕಾಯಿ!"

"ನೌಫಲ್, ನೀನು?" ಲಸ್ಸಾದ್ ಕೇಳಿದ.

"ನಾನು... ಮಲಗಿದ್ದೆ," ನೌಫಲ್ ತಲೆ ಮೇಲೆತ್ತಲಿಲ್ಲ.

ಎಮ್ನಾಳ ಕೋಪ ಅಲ್ಲಿಗೆ ತಣ್ಣಗಾಯಿತು. ತಲೆ ಓಡತೊಡಗಿತು. ಬೆಲೆಬಾಳುವ ಕ್ಯಾಮೆರಾ ಬಿಟ್ಟು ಚಿತ್ರ ಒಯ್ದವನಿಗೆ ದುಡ್ಡು ಬೇಕಿರಲಿಲ್ಲ. ಆ ಚಿತ್ರವನ್ನು ಯಾರೂ ನೋಡಬಾರದಿತ್ತು. ಯಾಕೆ? ಅದರಲ್ಲಿ ಏನಿತ್ತು?

ಅವಳು ಫೋನ್ ತೆಗೆದಳು. ಕ್ಯಾಮೆರಾ ತೆಗೆದ ಪ್ರತಿ ಚಿತ್ರದ ಪುಟ್ಟ ನಕಲು ಅದರಲ್ಲಿ ಬಂದು ಕೂರುತ್ತಿತ್ತು. ದೊಡ್ಡದಾಗಿ ಅಚ್ಚು ಹಾಕಲು ಅದು ಸಾಲದು, ಕಣ್ಣಿಗೆ ಸಾಕು. ಹಕ್ಕಿಗಳ ಹಿಂದೆ, ಬೇಲಿಯ ಬುಡದಲ್ಲಿ, ಒಂದು ಕಪ್ಪು ಆಕಾರ. ಇಷ್ಟು ದಿನ ಅದನ್ನೂ ಹಕ್ಕಿಯೆಂದೇ ತಿಳಿದಿದ್ದಳು!

"ಮನುಷ್ಯ!" ತಿಜಾನಿ ಫೋನಿಗೆ ಮೂಗು ತೂರಿಸಿದ. "ಬುಟ್ಟಿ ಹಿಡ್ಕೊಂಡಿದಾನೆ. ಖಮೈಸ್, ನಿನ್ನ ಬೇಲಿಗೆ ಕನ್ನ ಹಾಕಿದಾರೋ!"

ಗುಂಪು ಗುಲ್ಲೆಂದಿತು. ಆ ಕಡಲಿನ ತುಂಡು ಖಮೈಸನ ತಾತನ ಕಾಲದ್ದು. ಬೇರೆಯವರ ಬೇಲಿ ಮುಟ್ಟುವುದೂ ಒಂದೇ, ಒಲೆಯ ಮೇಲಿನ ಪಾತ್ರೆಗೆ ಕೈಹಾಕುವುದೂ ಒಂದೇ. ಅದರಲ್ಲೂ ಮಗಳ ಮದುವೆಯ ಊಟಕ್ಕೆ ಸ್ವಂತ ಬೇಲಿಯ ಮೀನೇ ಆಗಬೇಕೆಂದು ಖಮೈಸ್ ಹಟ ಹಿಡಿದಿದ್ದ. ದೊಡ್ಡ ಬಲೆಯ ಹಡಗುಗಳು ತಳ ಕೆರೆದು ಕಡಲನ್ನೇ ಬರಿದುಮಾಡಿದ್ದರಿಂದ ಮದುವೆ ಎರಡು ಸಲ ಮುಂದೆ ಹೋಗಿತ್ತು. ಈ ತಿಂಗಳು ಹೇಗೋ ಮೀನು ಬಿದ್ದು, ಉಪ್ಪು ಹಾಕಿದ ಜಾಡಿಗಳು ತುಂಬಿದ್ದವು.

"ಕಳ್ಳ ಅಲ್ಲ," ಎಂದಳು ಎಮ್ನಾ.

"ಮತ್ತೆ? ಪ್ರವಾಸಿಯಾ?"

"ನಾನು ಒಂದೇ ಚಿತ್ರ ತೆಗೆಯಲ್ಲ ಕಾಕಾ. ಅದಕ್ಕೆ ಮೊದಲಿಂದು, ಆಮೇಲಿಂದು ಎರಡೂ ಇರ್ತವೆ. ಕಥೆ ಇರೋದೇ ಅಲ್ಲಿ. ನೋಡಿ — ಮೊದಲನೇದರಲ್ಲಿ ಬೇಲಿ ಕಡೆ ಹೋಗ್ತಿದಾನೆ. ಬುಟ್ಟಿ ಎರಡೂ ಕೈಲಿ ಎದೆಗವಚಿಕೊಂಡಿದಾನೆ, ಬೆನ್ನು ಹಿಂದಕ್ಕೆ ಬಾಗಿದೆ. ಕೊನೇದರಲ್ಲಿ ವಾಪಸ್ ಬರ್ತಿದಾನೆ. ಬುಟ್ಟಿ ಒಂದು ಬೆರಳಲ್ಲಿ ತೂಗ್ತಿದೆ. ಯಾವ ಕಳ್ಳ ತುಂಬಿದ ಬುಟ್ಟಿ ತಂದು ಖಾಲಿ ಬುಟ್ಟಿ ಒಯ್ತಾನೆ?"

"ಅಂದ್ರೆ... ಮೀನು ಹಾಕೋಕೆ ಬಂದಿದ್ದಾ?" ಲಸ್ಸಾದನ ಬಾಯಿ ತೆರೆದುಕೊಂಡೇ ಇತ್ತು. "ಯಾರದು? ಮುಖ ಕಾಣಲ್ವಲ್ಲ!"

"ಮುಖ ಯಾಕೆ? ಮಂಡಿ ನೋಡು! ಈ ಊರೋರು ನೀರಲ್ಲಿ ಹೇಗೆ ನಡೀತಾರೆ? ಮರಳಲ್ಲಿ ಮುಳ್ಳುಬಾಲದ ತೊರಕೆ ಮೀನು ಮಲಗಿರುತ್ತೆ, ತುಳಿದ್ರೆ ಕಥೆ ಮುಗೀತು ಅಂತ ಕಾಲು ಎತ್ತದೆ ಎಳ್ಕೊಂಡು ಹೋಗ್ತಾರೆ. ನಾನೂ ಕಲಿತೆ. ಇವನು ಮಂಡೀನ ಹೊಟ್ಟೆವರೆಗೂ ಎತ್ತಿದಾನೆ — ಥೇಟ್ ರಾಜಹಂಸ! ಅದಕ್ಕೇ ಹಕ್ಕಿಗಳ ಜೊತೆ ಬೆರೆತುಹೋದ. ಇವನು ದ್ವೀಪದವನಲ್ಲ, ಪಟ್ಟಣದವನು. ದಿನಾ ಹಡಗಲ್ಲಿ ಮಾರ್ಕೆಟ್ಟಿಂದ ಮೀನು ತರಬಲ್ಲವನು. ಮದುವೆ ಇನ್ನೊಂದು ಸಲ ಮುಂದಕ್ಕೆ ಹೋದ್ರೆ ಹುಚ್ಚೇ ಹಿಡಿಯೋವನು." ಅವಳು ತಿರುಗಿದಳು. "ಅಲ್ವೇನೋ ನೌಫಲ್?"

ನೌಫಲ್ ಅಂಗಿಯೊಳಗಿಂದ ಸುರುಳಿ ಸುತ್ತಿದ ಚಿತ್ರ ತೆಗೆದ. ಕಾರ್ಡನ್ನೂ ಕೊಟ್ಟ. ಕಿವಿಗಳು ಕೆಂಪಾಗಿದ್ದವು.

"ಮಾವ, ನಿಮ್ಮ ಮರ್ಯಾದೆ ಹೋಗುತ್ತೆ ಅಂತ... ನೀವು ನೋಡಿದ್ರೆ ಮದುವೇನೇ ಬೇಡ ಅಂತೀರೇನೋ ಅಂತ..."

ಎಮ್ನಾ ಖಮೈಸನ ಮುಖ ನೋಡಿದಳು. ಸತ್ಯ ಹೊರಗೆಳೆದು ಒಂದು ಮದುವೆ ಮುರಿದೆನೇ? ಅವಳು ಚಿತ್ರವನ್ನು ಖಮೈಸನ ಕೈಗಿತ್ತಳು.

"ಬೇಡ ಅಂದ್ರೆ ಹರಿದುಹಾಕು ಕಾಕಾ. ಟ್ಯುನಿಸ್‌ಗೆ ಇದಿಲ್ದೇ ಹೋಗ್ತೀನಿ."

ಖಮೈಸ್ ಚಿತ್ರವನ್ನು ದೂರ ಹಿಡಿದ, ಹತ್ತಿರ ಹಿಡಿದ. ಅವನ ಹೊಟ್ಟೆ ಕುಲುಕತೊಡಗಿತು. ನಗು!

"ಲೋ ದಡ್ಡಾ! ಒಂದು ತಿಂಗಳಿಂದ ನನ್ನ ಬೇಲಿಗೆ ಕರುಳು ತೆಗೆದ ಮೀನು ಬೀಳ್ತಿದೆ. ಕಿವಿರಲ್ಲಿ ಮಂಜುಗಡ್ಡೆ! ನಿನ್ನೆಯದರ ಬಾಯಲ್ಲಿ ಅಂಗಡಿಯವನ ಕೊತ್ತಂಬರಿ ಬೇರೆ! ನನಗೆ ಗೊತ್ತಾಗಲ್ವೇನೋ?"

"ಮತ್ತೆ ಯಾಕೆ ಸುಮ್ನಿದ್ರಿ ಮಾವ?"

"ನನ್ನ ಮಗಳ ಮದುವೆ ನನಗೂ ಬೇಡ್ವಾ?"

ಜೆಟ್ಟಿಯೇ ನಕ್ಕಿತು. "ಲೋ ನೌಫಲ್," ತಿಜಾನಿ ಕೂಗಿದ, "ನನಗೂ ಒಬ್ಬಳು ಮಗಳಿದಾಳೆ. ಸ್ಫಾಕ್ಸಲ್ಲಿ ನಿನ್ನಂಥ ಇನ್ನೊಬ್ಬ ದಡ್ಡ ಸಿಗ್ತಾನಾ?"

ಖಮೈಸ್ ತಾನೇ ಹೋಗಿ ಚಿತ್ರವನ್ನು ಹಗ್ಗಕ್ಕೆ ಸಿಕ್ಕಿಸಿದ. ಆಮೇಲೆ ಭಾವಿ ಅಳಿಯನ ಕುತ್ತಿಗೆಪಟ್ಟಿ ಹಿಡಿದು ನೀರಿಗೆಳೆದ.

"ಕಾಲು ಎಳಿ! ಎತ್ತಬೇಡ್ವೋ! ಮದುವೆಗೆ ಮೊದಲೇ ಮುಳ್ಳು ಚುಚ್ಚಿಸ್ಕೊಂಡು ನನ್ನ ಮಗಳನ್ನ ಅಳಿಸ್ತೀಯಾ?"

ಎಮ್ನಾ ಚಪ್ಪಲಿ ಕಿತ್ತೆಸೆದು ಕಾರ್ಡನ್ನು ಹೆಗಲಲ್ಲಿದ್ದ ಕ್ಯಾಮೆರಾಗೆ ತುರುಕಿದಳು. ಈ ಸಲ ಲೆನ್ಸು ಹಕ್ಕಿಗಳ ಕಡೆ ತಿರುಗಲೇ ಇಲ್ಲ.