ಸತ್ತ ನಂಬರಿನ ಕಾಕಾ

೧೯೮೭ರ ಆಗಸ್ಟ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಪುಟ್ಟಲಕ್ಷ್ಮಿ ಎಂಬ ಹೆಂಗಸು ದಾದರ್‌ನ ಪೊಲೀಸ್ ಠಾಣೆಗೆ ಬಂದು, ದೂರು ಕೊಡಬೇಕು ಎಂದಳು. ಯಾರ ಮೇಲೆ ಎಂದರೆ ಗೊತ್ತಿಲ್ಲ ಎಂದಳು. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಇರುವ ಜಾಗವೂ ಗೊತ್ತಿಲ್ಲ. ಡ್ಯೂಟಿಯಲ್ಲಿದ್ದ ಹವಾಲ್ದಾರ, ಗಾಳಿಯ ಮೇಲೆ ಕೇಸು ಹಾಕಲು ಬರುವುದಿಲ್ಲ ತಾಯಿ ಎಂದು ಮರಾಠಿಯಲ್ಲಿ ಕೈಮುಗಿದ. ಮೈಸೂರು ಕಡೆಯ ಹೆಂಗಸಿನ ಹಟ ಆ ಬಡಪಾಯಿಗೇನು ಗೊತ್ತು? ಆಕೆ ಬೆಂಚಿನ ಮೇಲೆ ಜಪ್ಪಯ್ಯ ಅಂದರೂ ಏಳದಂತೆ ಕೂತುಬಿಟ್ಟಳು.

ಇನ್ಸ್‌ಪೆಕ್ಟರ್ ಸೀತಾರಾಮ ಒಳಗೆ ಬಂದಾಗ ಆಕೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಕನ್ನಡದಲ್ಲಿ ಯಾರಿಗೋ ಶಾಪ ಹಾಕುತ್ತಿದ್ದಳು. ಸೀತಾರಾಮ ಹುಟ್ಟಿ ಬೆಳೆದದ್ದು ಮುಂಬಯಿಯಲ್ಲೇ. ಕನ್ನಡ ಅವನಿಗೆ ಮನೆಯಲ್ಲಿ ಅಮ್ಮನ ಜೊತೆ ಆಡುವ ಭಾಷೆ. ಠಾಣೆಯಲ್ಲಿ ಅದು ಕಿವಿಗೆ ಬಿದ್ದದ್ದೇ ನಿಂತುಬಿಟ್ಟ.

ಒಳಗೆ ಕೂರಿಸಿ ಕೇಳಿದ. ಆಕೆಯ ಒಬ್ಬಳೇ ಮಗಳು ವನಮಾಲಾ, ಇಪ್ಪತ್ತು ವರ್ಷ. ಶನಿವಾರ ಜೀವ ಕಳೆದುಕೊಳ್ಳಲು ಹೋಗಿ, ದೇವರ ದಯೆ ಅನ್ನಿ ಡಾಕ್ಟರ ದಯೆ ಅನ್ನಿ, ಉಳಿದು ಆಸ್ಪತ್ರೆಯಲ್ಲಿದ್ದಳು. ಎಚ್ಚರವಾದಾಗ ಅವಳ ಬಾಯಿಂದ ಬಂದ ಮೊದಲ ಮಾತು ಅಮ್ಮ ಎಂದಲ್ಲ, ಕಾಕಾಗೆ ಏನು ಹೇಳಲಿ ಎಂದು.

"ಬದುಕಿದ್ದಕ್ಕೆ ಯಾವನೋ ಬೇಜಾರು ಮಾಡ್ಕೋತಾನಂತೆ ಸ್ವಾಮಿ," ಎಂದಳು ಪುಟ್ಟಲಕ್ಷ್ಮಿ. "ಅವನು ಯಾರು ಅಂತ ನನಗೆ ಬೇಕು."

ಮಗಳ ಮೇಲೆಯೇ ಕೇಸಾದೀತೆಂಬ ಭಯ ಆಕೆಗಿತ್ತು. ಅವಳು ಆರೋಪಿಯಲ್ಲ, ಸಾಕ್ಷಿ ಎಂದು ಹೇಳಿ ತಾನೇ ಕೂತು ದೂರು ಬರೆಸಿಕೊಂಡ.

ಮಧ್ಯಾಹ್ನ ಆಸ್ಪತ್ರೆಗೆ ಹೋಗುವಾಗ ಕಾನ್‌ಸ್ಟೇಬಲ್ ಹಲೀಮಾಳನ್ನು ಕರೆದುಕೊಂಡ. ವಿಜಾಪುರ ಕಡೆಯವಳು, ವಯಸ್ಸು ನಲವತ್ತರ ಹತ್ತಿರ. ಠಾಣೆಯಲ್ಲಿ ಅವಳಿಗೆ ಸಿಗುತ್ತಿದ್ದ ಕೆಲಸವೆಂದರೆ ಕಳೆದುಹೋದ ಮಕ್ಕಳನ್ನು ಸುಧಾರಿಸುವುದು, ಜಗಳದ ಅತ್ತೆಸೊಸೆಯರನ್ನು ಬೇರೆ ಬೇರೆ ಬೆಂಚಿನಲ್ಲಿ ಕೂರಿಸುವುದು. ಅಂಥವಳನ್ನು ಆ ತನಕ ಸರಿಯಾಗಿ ನೋಡಿಯೇ ಇರಲಿಲ್ಲವಲ್ಲ ಎಂದು ಸೀತಾರಾಮ ಆಮೇಲೆ ಎಷ್ಟೋ ಸಲ ಅಂದುಕೊಂಡ.

ಅವನು ಏನು ಕೇಳಿದರೂ ವನಮಾಲಾ ಗೋಡೆ ನೋಡುತ್ತ ಮಲಗಿದ್ದಳು. ಹಲೀಮಾ ಏನೂ ಕೇಳಲಿಲ್ಲ. ಮಂಚದ ತುದಿಗೆ ಕೂತು ಹುಡುಗಿಯ ಸಿಕ್ಕುಗಟ್ಟಿದ ಕೂದಲು ಬಿಡಿಸತೊಡಗಿದಳು. ಅರ್ಧ ಜಡೆ ಆಗುವಷ್ಟರಲ್ಲಿ ಹೇಳಿಕೆ ತಾನಾಗಿಯೇ ಬಂತು.

ಕಾಕಾ ಸಿಕ್ಕಿದ್ದು ಒಂದು ಫೋನ್ ನಂಬರಿನಲ್ಲಿ, ಬೈಕುಲ್ಲಾದಲ್ಲಿ ಮುಚ್ಚಿಹೋದ ಒಂದು ಮಿಲ್ಲಿನ ಆಫೀಸಿನದು. ಅಲ್ಲಿಯ ಫೋನು ಕಿತ್ತು ವರ್ಷಗಳಾಗಿದ್ದವು. ಆದರೂ ಆ ನಂಬರು ತಿರುಗಿಸಿದರೆ ಎಂಗೇಜಿನ ಕೂಂ ಕೂಂ ಶಬ್ದದ ನಡುವೆ, ಅದೇ ಹೊತ್ತಿಗೆ ತಿರುಗಿಸಿದ ಬೇರೆಯವರ ದನಿ ಕೇಳುತ್ತಿತ್ತು. ಸತ್ತ ನಂಬರು ಎಂದು ಹುಡುಗರು ಅದಕ್ಕೆ ಹೆಸರಿಟ್ಟಿದ್ದರು. ಮಧ್ಯಾಹ್ನದ ಹೊತ್ತು ಅಲ್ಲಿ ಕನ್ನಡದ ಹುಡುಗ ಹುಡುಗಿಯರು ಸೇರುತ್ತಿದ್ದರು. ಯಾರೂ ಹೆಸರು ಹೇಳುವಂತಿಲ್ಲ, ಒಬ್ಬೊಬ್ಬರಿಗೂ ಒಂದು ಲೋಕಲ್ ಸ್ಟೇಷನ್ನಿನ ಹೆಸರು. ವನಮಾಲಾ ಅಲ್ಲಿ ವಡಾಳಾ. ನಿಶ್ಚಿತಾರ್ಥ ಮುರಿದ ಮೇಲೆ ಮನೆಯಲ್ಲಿ ಯಾರೂ ಅದರ ಸುದ್ದಿ ಎತ್ತುತ್ತಿರಲಿಲ್ಲ, ಅಲ್ಲಿ ಮಾತ್ರ ಕೇಳುವವರಿದ್ದರು.

ಎಲ್ಲರಿಗಿಂತ ಹೆಚ್ಚು ಕೇಳುತ್ತಿದ್ದವನು ಕಾಕಾ. ವಯಸ್ಸಾದ ಮೆತ್ತನೆಯ ದನಿ. ಅತ್ತರೆ ಎಷ್ಟು ಹೊತ್ತಾದರೂ ಫೋನು ಇಡುತ್ತಿರಲಿಲ್ಲ. ಇವತ್ತು ಸ್ವಲ್ಪ ಹಗುರವಾಗಿದೆ ಎಂದರೆ ಮಾತ್ರ ತಣ್ಣಗಾಗುತ್ತಿದ್ದ, ಇದೆಲ್ಲ ಎರಡು ದಿನದ ಆಟ, ನೋವು ಮತ್ತೆ ಬಂದೇ ಬರುತ್ತೆ ಎನ್ನುತ್ತಿದ್ದ. ಮನೆಯವರಿಗೆ ಹೇಳಬೇಡ, ಅವರಿಗೆ ಅರ್ಥವಾಗುವುದಿಲ್ಲ ಎನ್ನುತ್ತಿದ್ದ. ಕೊನೆಗೆ ಸಾಯುವ ದಿನವನ್ನೂ ಅವನೇ ಗೊತ್ತುಮಾಡುತ್ತಿದ್ದ. ಮೇ ತಿಂಗಳಲ್ಲಿ 'ಕುರ್ಲಾ' ಎಂಬ ಹುಡುಗ ಹೋಗಿದ್ದ.

"ಈ ಶುಕ್ರವಾರ ಕರ್ಜತ್ ಸರದಿ," ಎಂದಳು ವನಮಾಲಾ. "ನನಗಿಂತ ಚಿಕ್ಕವಳು. ಅವಳ ಹೆಸರು ನನಗೆ ಗೊತ್ತಿಲ್ಲ."

ಹೆಸರಿಲ್ಲದ ಒಂದು ಹುಡುಗಿಯನ್ನು ಈ ಮುಂಬಯಿಯಲ್ಲಿ ಶುಕ್ರವಾರದೊಳಗೆ ಹುಡುಕಬೇಕು. ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕುವವನಿಗೆ ಸೂಜಿ ಹೇಗಿರುತ್ತದೆ ಎಂದಾದರೂ ಗೊತ್ತಿರುತ್ತದೆ.

ಮಂಗಳವಾರ ಸೀತಾರಾಮ ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋದ. ಸತ್ತ ನಂಬರಿಗೆ ಯಾರು ಎಲ್ಲಿಂದ ಮಾಡುತ್ತಾರೆಂದು ಹಿಡಿಯಲು ದಾರಿಯಿಲ್ಲ, ಬೇಕಾದರೆ ಐದು ನಿಮಿಷದಲ್ಲಿ ಲೈನು ಮುಚ್ಚುತ್ತೇವೆ ಎಂದರು. ಮೇಲಿನ ಅಧಿಕಾರಿಗಳೂ ಮುಚ್ಚಿಸಿಬಿಡಿ ಎಂದರು. ಹಲೀಮಾ ಒಪ್ಪಲಿಲ್ಲ.

"ಮುಚ್ಚಿದ್ರ ಆ ಹುಡುಗಿ ಒಬ್ಬಾಕೀನ ಉಳೀತಾಳ್ರಿ ಸಾಹೇಬ್ರ. ಇನ್ನೊಂದು ಕಿವಿ ಅಲ್ಲಿ ಇರ್ಲಿ. ನಾ ಕೂಡ್ತೀನಿ."

ಮೇಲಿನವರ ಮಾತು ಮೀರಿ ಸೀತಾರಾಮ ಹೂಂ ಎಂದ. ಬುಧವಾರ ಮಧ್ಯಾಹ್ನ ಪುಟ್ಟಲಕ್ಷ್ಮಿಯ ಮನೆಯಲ್ಲಿ, ವನಮಾಲಾ ಹಿಡಿಯುತ್ತಿದ್ದ ಅದೇ ಫೋನು ಹಿಡಿದು ಹಲೀಮಾ ತಾನೂ ಒಂದು ಸ್ಟೇಷನ್ನಿನ ಹೆಸರಿಟ್ಟುಕೊಂಡು ಕಾಂಜೂರ್ ಆದಳು. ಸೀತಾರಾಮ ಪಕ್ಕದಲ್ಲಿ ರಿಸೀವರಿಗೆ ಕಿವಿ ತಾಗಿಸಿ ಕೂತ. ಕೂಂ ಕೂಂ ನಡುವೆ ಸಣ್ಣ ದನಿಗಳು ಬಂದು ಹೋದವು. ಯಾವುದೋ ಹೊತ್ತಿಗೆ ಹರಕು ಕನ್ನಡ, ಅರ್ಧ ಹಿಂದಿಯ ಒಂದು ದನಿ ಬಂದು ತನ್ನ ಹೆಸರು ಹೇಳಿತು. ಕರ್ಜತ್.

ಹಲೀಮಾ ಬುದ್ಧಿವಾದ ಹೇಳಲಿಲ್ಲ, ಜೀವನ ದೊಡ್ಡದು ಎಂದು ಭಾಷಣ ಬಿಗಿಯಲಿಲ್ಲ. "ಸಾಯಬೇಕಂತ ಅನಸ್ತದೇನವ್ವಾ?" ಎಂದು ಸೀದಾ ಕೇಳಿಬಿಟ್ಟಳು. ಕಾಫಿ ತರುತ್ತಿದ್ದ ಪುಟ್ಟಲಕ್ಷ್ಮಿ ಬಾಗಿಲಲ್ಲೇ ನಿಂತಳು. ಹುಡುಗಿ ಹಾಂ ಎಂದಳು. ಹಾಂ ಎಂದ ಮೇಲೆ ಅಳು ಬಂತು, ಅಳುವಿನ ಜೊತೆ ಮಾತು ಬಂತು. ಹಲೀಮಾ ಕೇಳುತ್ತ ಹೋದಳು, ನಡುವೆ ಇವತ್ತು ಏನು ಉಂಡಿ ಎಂದು ವಿಚಾರಿಸಿದಳು. ಏನೂ ಇಲ್ಲ ಎಂದಾಗ, ಹೋಗಿ ಎರಡು ಬಿಸ್ಕೀಟು ತಾ, ನಾ ಇಲ್ಲೇ ಇರ್ತೀನಿ ಎಂದಳು. ಹುಡುಗಿ ತಂದಳು! ಅವಳು ಅಗಿಯುವ ಶಬ್ದ ಕೇಳಿ ಸೀತಾರಾಮನ ಕಣ್ಣಲ್ಲಿ ನೀರಾಡಿತು.

ಅಷ್ಟರಲ್ಲಿ ಮೆತ್ತನೆಯ ದನಿ ಬಂತು. "ಕಾಂಜೂರ್, ಅವಳಿಗೆ ಆಸೆ ತೋರಿಸಬೇಡ. ಆಮೇಲೆ ನೋವು ಜಾಸ್ತಿ ಆಗುತ್ತೆ." ಮತ್ತೆ ಕರ್ಜತ್‌ಗೆ, ನಾಳೆ ಗುರುವಾರ ನನಗೆ ರಜೆ, ಆಫೀಸಿನ ಫೋನು ಸಿಗುವುದಿಲ್ಲ, ಮೂರು ಗಂಟೆಗೆ ಈ ಪಿ.ಪಿ. ನಂಬರಿಗೆ ಮಾಡು ಎಂದು ಒಂದು ನಂಬರು ಹೇಳಿದ. "ಎರಡನೇ ಮಾಳಿಗೆ ಸತ್ಯಮೂರ್ತಿ ಬೇಕು ಅನ್ನು. ಕರೀತಾರೆ."

ಸೀತಾರಾಮ ಅಲ್ಲೇ ತೊಡೆ ತಟ್ಟಿಕೊಂಡ. ಪಿ.ಪಿ. ನಂಬರು ಎಂದರೆ ನೆರೆಮನೆಯ ಫೋನು. ಇಡೀ ಬಿಲ್ಡಿಂಗಿಗೆ ಒಂದು ಫೋನಿದ್ದರೆ, ಉಳಿದವರೆಲ್ಲ ಅದನ್ನೇ ತಮ್ಮದೆಂದು ಬಂಧುಬಳಗಕ್ಕೆ ಕೊಟ್ಟಿರುತ್ತಿದ್ದ ಕಾಲ ಅದು. ಫೋನು ಯಾರದೋ, ನನಗೇನು ಎಂದು ಕಾಕಾನ ಎಣಿಕೆ. ಆದರೆ ಪಿ.ಪಿ. ಫೋನಿನಲ್ಲಿ ಕಳ್ಳಹೆಸರು ನಡೆಯುವುದಿಲ್ಲ. ಮನೆಯೊಡತಿ ಗ್ಯಾಲರಿಗೆ ಬಂದು ಕೂಗಬೇಕಾದರೆ ಅವಳಿಗೆ ಗೊತ್ತಿರುವ ಹೆಸರನ್ನೇ ಕೊಡಬೇಕು. ವರ್ಷಗಟ್ಟಲೆ ಹೆಸರು ಮುಚ್ಚಿಟ್ಟವನು ಒಂದು ದಿನದ ರಜೆಗಾಗಿ ತಾನೇ ಹೇಳಿಬಿಟ್ಟಿದ್ದ.

ನಂಬರಿನಿಂದ ವಿಳಾಸ ಸಿಕ್ಕಿತು. ಬೈಕುಲ್ಲಾದ ಒಂದು ಹಳೆಯ ಚಾಳು, ಮೊದಲ ಮಾಳಿಗೆಯ ಅಲಮೇಲು ಎಂಬ ಬೆಂಗಳೂರಿನ ಹೆಂಗಸಿನ ಮನೆ. ಗುರುವಾರ ಎರಡು ಗಂಟೆಗೆ ಸೀತಾರಾಮ, ಹಲೀಮಾ ಸಾದಾ ಬಟ್ಟೆಯಲ್ಲಿ ಹೋದರು. ಸತ್ಯಮೂರ್ತಿಯಾ, ಚಿನ್ನದಂಥ ಮನುಷ್ಯ ಎಂದಳು ಅಲಮೇಲು. ವಿಕ್ರೋಳಿಯ ಕಾರ್ಖಾನೆಯಲ್ಲಿ ಕ್ಲಾರ್ಕು, ಒಂಟಿ, ಯಾರ ಗೋಜಿಗೂ ಹೋದವನಲ್ಲ. ಮೂರಕ್ಕೆ ಒಬ್ಬ ಹುಡುಗಿ ಫೋನು ಮಾಡುತ್ತಾಳೆ, ಕರೆಯಿರಿ ಅಂದಿದ್ದ, ಪಾಪ ಯಾರಿಗೋ ಸಮಾಧಾನ ಹೇಳುತ್ತಾನೆ ಅಂದುಕೊಂಡಿದ್ದೆ ಎಂದಳು. ವಿಷಯ ತಿಳಿದ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಕೂತಳು.

ಮೂರಕ್ಕೆ ಫೋನು ಬಂತು. ಅಲಮೇಲು ಗ್ಯಾಲರಿಯಿಂದ ಕೂಗಿದಳು. ಐವತ್ತು ದಾಟಿದ, ಇಸ್ತ್ರಿ ಮಾಡಿದ ಬಿಳಿ ಷರಟಿನ ಮನುಷ್ಯ ಇಳಿದು ಬಂದ, ಥ್ಯಾಂಕ್ಸ್ ಅಮ್ಮ ಎಂದು ರಿಸೀವರು ಎತ್ತಿದ. ಪರದೆಯ ಹಿಂದೆ ಸೀತಾರಾಮ ಹಲ್ಲು ಕಚ್ಚಿ ನಿಂತಿದ್ದ. ಈಗಲೇ ಹಾರಿ ಹಿಡಿದರೆ ಫೋನು ಕಟ್ಟಾದೀತು, ಕಟ್ಟಾದರೆ ಹುಡುಗಿ ಹೋದಳು. ನಾಳೆ ಹೆದರಬೇಡ, ನಾನಿದ್ದೇನೆ ಎಂದು ಅವನು ಹೇಳುವುದನ್ನು ಮೂವರೂ ಕೇಳಿಸಿಕೊಂಡರು. ಆಮೇಲೆ ಸೀತಾರಾಮ ಹಿಂದಿನಿಂದ ಬಂದು ಅವನ ಮಣಿಕಟ್ಟು ಹಿಡಿದ, ಇನ್ನೊಂದು ಕೈಯಿಂದ ರಿಸೀವರನ್ನು ಹಲೀಮಾಗೆ ದಾಟಿಸಿದ.

"ಕರ್ಜತ್, ನಾ ಕಾಂಜೂರ್," ಎಂದಳು ಹಲೀಮಾ. "ನನ್ನ ಹೆಸರು ಹಲೀಮಾ. ಪೊಲೀಸಿನಾಕಿ ಅದೀನಿ. ನಿನ್ನ ಮ್ಯಾಲೆ ಏನೂ ಕೇಸಿಲ್ಲ. ಫೋನ್ ಇಡಬ್ಯಾಡ ನನ್ನವ್ವಾ."

ಆ ಕಡೆ ಫೋನು ಇಟ್ಟ ಶಬ್ದ ಬರಲಿಲ್ಲ, ಹಲೀಮಾ ಮುಂದುವರಿಸಿದಳು.

"ಸ್ಟೇಷನ್ನಿನ ಹೆಸರು ಸಾಕು. ಮನ್ಯಾಗ ನಿನಗ ಏನಂತ ಕರೀತಾರ?"

"ಶೀಲಾವತಿ," ಎಂದಿತು ದನಿ. "ನಮ್ಮ ಅಕ್ಕ... ಶೀಲೂ ಬೋಲ್ತಿ ಹೈ."

ವಿಳಾಸವನ್ನೂ ಅಕ್ಕನ ಶಾಲೆಯನ್ನೂ ಅವಳೇ ಹೇಳಿದಳು, ಮುಲುಂಡ್. ಸೀತಾರಾಮ ಅವನನ್ನು ಹಿಡಿದುಕೊಂಡೇ ಗ್ಯಾಲರಿಯಿಂದ ವಿಳಾಸ ಕೂಗಿ ಹೇಳಿದ, ಕೆಳಗಿದ್ದ ಜೀಪಿನಿಂದ ವೈರ್‌ಲೆಸ್ಸಿನಲ್ಲಿ ಸುದ್ದಿ ಹೋಯಿತು. ಅಲ್ಲಿಯ ಪೊಲೀಸರು ಹತ್ತಿರದ ಶಾಲೆಯಲ್ಲಿ ಟೀಚರಾಗಿದ್ದ ಅಕ್ಕನನ್ನು ಕರೆದುಕೊಂಡು ಮನೆ ಮುಟ್ಟುವವರೆಗೆ ಹಲೀಮಾ ಮಾತು ಬಿಡಲಿಲ್ಲ. ಅಡುಗೆ, ಸಿನಿಮಾ, ಅಕ್ಕನ ಬೈಗುಳ, ಏನೇನೋ ಮಾತು. ಆ ಕಡೆ ಬಾಗಿಲು ಬಡಿದದ್ದು ಕೇಳಿಸಿತು. "ಹೋಗು, ತೆಗಿ. ನಿಮ್ಮಕ್ಕ ಬಂದಾಳ," ಎಂದಳು. ಫೋನು ಇಟ್ಟವಳು ಅಲಮೇಲುವಿನ ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು. ಇಂಥ ಹೆಂಗಸಿಗೆ ಸೆಲ್ಯೂಟ್ ಹೊಡೆಯುವ ರೂಲು ಇಲಾಖೆಯಲ್ಲಿ ಇಲ್ಲವಲ್ಲ ಎಂದು ಸೀತಾರಾಮನಿಗೆ ಅನ್ನಿಸಿತು.

ಪಂಚನಾಮೆಗೆ ಅಲಮೇಲು ಸಹಿ ಹಾಕಿದಳು. ಮೇ ತಿಂಗಳಲ್ಲಿ ಆಕಸ್ಮಿಕ ಸಾವು ಎಂದು ಮುಚ್ಚಿದ್ದ ಅಣವೀರಪ್ಪ ಎಂಬ ಹುಡುಗನ ಫೈಲು ಮತ್ತೆ ತೆರೆಯಿತು, 'ಕುರ್ಲಾ' ಅವನೇ. ಆತ್ಮಹತ್ಯೆಗೆ ಪ್ರಚೋದನೆಯ ಕಲಂ ೩೦೬ರ ಕೆಳಗೆ ಎಫ್.ಐ.ಆರ್. ಆಗಿ ಸತ್ಯಮೂರ್ತಿಯ ದಸ್ತಗಿರಿಯಾಯಿತು. ಲೈನು ಮುಚ್ಚುವ ಮೊದಲು ಹಲೀಮಾ ಇನ್ನೂ ಕೆಲವು ಮಧ್ಯಾಹ್ನ ಅಲ್ಲಿ ಕೂತು, ಉಳಿದವರನ್ನು ಒಬ್ಬೊಬ್ಬರನ್ನಾಗಿ ಮನೆಯವರ ಹತ್ತಿರಕ್ಕೋ ಡಾಕ್ಟರ ಹತ್ತಿರಕ್ಕೋ ತಲುಪಿಸಿದಳು.

ಯಾಕೆ ಮಾಡಿದೆ ಎಂದು ಸೀತಾರಾಮ ಒಂದೇ ಸಲ ಕೇಳಿದ. ಸತ್ಯಮೂರ್ತಿ ತನ್ನ ಉಗುರು ನೋಡಿಕೊಂಡ.

"ಮೊದಮೊದಲು ನಾನೂ ಸಮಾಧಾನವೇ ಹೇಳ್ತಿದ್ದೆ ಸಾರ್," ಎಂದ. "ಸಮಾಧಾನ ಆದವರು ಯಾರೂ ಮತ್ತೆ ಫೋನ್ ಮಾಡಲಿಲ್ಲ."

ದೀಪಾವಳಿ ಕಳೆದ ಮೇಲೆ ಒಂದು ದಿನ ಸೀತಾರಾಮ, ಶೀಲಾವತಿಯಿಂದ ಸುದ್ದಿಯೇನಾದರೂ ಇದೆಯೇ ಎಂದು ವಿಚಾರಿಸಿದ. ಮೊದಲು ದಿನಾ ಫೋನು ಮಾಡ್ತಿದ್ದಳು, ಆಮೇಲೆ ವಾರಕ್ಕೊಮ್ಮೆ, ಈಗ ತಿಂಗಳಿಂದ ಇಲ್ಲ ಎಂದಳು ಹಲೀಮಾ. ಅವನ ಮುಖ ಸಣ್ಣದಾಯಿತು. ಅವಳು ನಕ್ಕಳು. ಮೊನ್ನೆ ದಾದರ್ ಬ್ರಿಜ್ಜಿನ ಮೇಲೆ ನೋಡಿದೆ, ಅಕ್ಕನ ಜೊತೆ ಭೇಲ್ ತಿನ್ನುತ್ತ ಜಗಳ ಆಡುತ್ತಿದ್ದಳು ಎಂದಳು. ಕರೆದು ಮಾತಾಡಿಸಲಿಲ್ಲವೇ ಎಂದು ಸೀತಾರಾಮ ಕೇಳಿದ.

"ಯಾಕ್ರಿ ಸಾಹೇಬ್ರ? ನನ್ನ ನೋಡಿದ್ರ ಅಕಿಗೆ ಅದೆಲ್ಲಾ ನೆನಪಾಗ್ತಿತ್ತು. ಮರೀಲಿ ಬಿಡ್ರಿ," ಎಂದು ಹಲೀಮಾ ಟೋಪಿ ಸರಿಮಾಡಿಕೊಂಡು ಡ್ಯೂಟಿಗೆ ಹೋದಳು.