ಕಂದು ಶೀಸೆ

ಮುದುಕಿ ದೇಲುವಿನ ಮೊಮ್ಮಗ ಬೆಳಗಿನ ನಮಾಜಿಗೆ ಮುಂಚೆ ತೀರಿಕೊಂಡ. ಕತ್ತು ಸೆಟೆದು ಹಿಂದಕ್ಕೆ ಬಾಗಿತ್ತು. ಮಿದುಳುಪೊರೆಯ ಜ್ವರ. ಧೂಳುಗಾಳಿ ಬೀಸುವ ಕಾಲದಲ್ಲಿ ಮರುಭೂಮಿಯಂಚಿನ ನಮ್ಮ ಹೌಸಾ ಸೀಮೆಗೆ ಅದು ಹೊಸದಲ್ಲ. ಆದರೆ ಈ ಹುಡುಗ ಚುಚ್ಚುಮದ್ದು ಹಾಕಿಸಿಕೊಂಡಿದ್ದ. ಕೇರಿಯಲ್ಲಿ ಅವನಿಗಿಂತ ಮುಂಚೆ ಸತ್ತ ಮಕ್ಕಳೂ ಅಷ್ಟೆ.

ಆರೋಗ್ಯ ಇಲಾಖೆಯ ತನಿಖಾಧಿಕಾರಿ ಬಿಲ್ಕಿಸು ಪೊಲೀಸಿನವನೊಬ್ಬನ ಜೊತೆ ಬಂದಾಗ ಜನ ಮದರಸಾ ಮೇಷ್ಟ್ರನ್ನು ಸುತ್ತುವರಿದಿದ್ದರು.

"ಮಕ್ಕಳನ್ನ ಕುರಿ ತುಂಬಿದ ಹಾಗೆ ತುಂಬ್ತಾನೆ. ರೋಗ ಹರಡಿದ್ದು ಇವನೇ!"

"ಹಳ್ಳದಾಚೆ ಕೇರಿ ಮಕ್ಕಳೂ ಇಲ್ಲೇ ಕೂರ್ತಾರಲ್ಲ? ಅವರಲ್ಲಿ ಯಾರಿಗೆ ಜ್ವರ ಬಂದಿದೆ?" ಬಿಲ್ಕಿಸು ಕೇಳಿದಳು.

ಯಾರಿಗೂ ಬಂದಿರಲಿಲ್ಲ. ಅದೇ ಗಾಳಿ, ಅದೇ ಚಾಪೆ. ಬೇರೆಯಿದ್ದದ್ದು ಚುಚ್ಚಿದ ಕೈ ಮಾತ್ರ. ಆಚೆ ಕೇರಿಗೆ ಪಟ್ಟಣದ ನರ್ಸ್. ಈ ಕೇರಿಗೆ ಊರಿನವನೇ ಆದ ಕಾಂಪೌಂಡರ್ ಲಾವಲಿ.

\* \* \*

"ಲಾವಲಿ ಚುಚ್ಚಿದ್ದನ್ನ ಕಂಡ್ರಾ, ಅಜ್ಜಿ?"

"ಪಕ್ಕದಲ್ಲೇ ನಿಂತಿದ್ದೆ, ಮಗಳೇ," ಎಂದಳು ದೇಲು. "ಜಿಪುಣ ಮುಂಡೇದು. ಪ್ರತಿಸಲ ಖಾಲಿಯಾದ ಕಂದು ಶೀಸೆ ನಮಗೇ ಕೊಡೋರು, ಕಣ್ಣಿನ ಕಾಡಿಗೆ ಹಾಕಿಡೋಕೆ. ಈ ಸಲ ಬರೀ ಬಿಳೀದು ಕೊಟ್ಟ."

ಬಿಲ್ಕಿಸು ಲಾವಲಿಯ ಮನೆಯ ದಾರಿ ಕೇಳಿದಳು. ಕಂದು ಶೀಸೆಯಲ್ಲಿರುವುದು ಮದ್ದಿನ ಪುಡಿ. ಬಿಳಿಯದರಲ್ಲಿ ಅದನ್ನು ಕಲಸುವ ನೀರು.

\* \* \*

ಲಾವಲಿಯ ಅಂಗಳದಲ್ಲಿ ಅವನ ಚೊಚ್ಚಲ ಮಗಳು ಬೆನ್ನು ತಿರುಗಿಸಿ ಕೂತು ಮಣ್ಣಲ್ಲಿ ಗೆರೆ ಎಳೆಯುತ್ತಿದ್ದಳು. ಅದೇ ಜ್ವರದಿಂದ ಈಗಷ್ಟೇ ಎದ್ದಿದ್ದಳು. ಅವನು ಅತ್ತ ನೋಡಲಿಲ್ಲ. ನಮ್ಮಲ್ಲಿ ಚೊಚ್ಚಲ ಮಗುವನ್ನು ಹೆತ್ತವರು ಹೆಸರು ಹಿಡಿದು ಕರೆಯುವುದಿಲ್ಲ, ನಾಲ್ಕು ಜನರ ಮುಂದೆ ಮುದ್ದಿಸುವುದೂ ಇಲ್ಲ. ಅದು ನಾಚಿಕೆಗೇಡು.

"ಕಂದು ಶೀಸೆಗಳೆಲ್ಲಿ?"

"ಸುಟ್ಟೆ, ಮೇಡಂ. ನಿಯಮ ಹಾಗೇ ಅಲ್ವಾ?"

"ಬಿಳೀದು ಹಂಚಿ ಕಂದು ಮಾತ್ರ ಸುಟ್ಟೆಯಾ? ತುಂಬಿದ್ದನ್ನೇ ಮಾರ್ಕೊಂಡೆ. ಮಕ್ಕಳಿಗೆ ಬರೀ ನೀರು ಚುಚ್ಚಿದೆ. ಚುಚ್ಚೋ ಸಾಲಿನಲ್ಲಿ ಇವಳೂ ನಿಂತಿದ್ದಳಲ್ಲೋ!"

ಲಾವಲಿ ನೆಲದ ಮೇಲೆ ಕೂತ.

"ಊರೆಲ್ಲ ನೋಡ್ತಿತ್ತು. ಚೊಚ್ಚಲ ಮಗೂನ ಹೇಗೆ ಪಕ್ಕಕ್ಕೆ ಕರೀಲಿ? ಏನಂತ ಕರೀಲಿ? ಇವಳಿಗೆ ಅಂತ ಒಂದು ಶೀಸೆ ಎತ್ತಿಟ್ಟಿದ್ದೆ. ಅದಕ್ಕೂ ಗಿರಾಕಿ ಬಂದ."

"ಮಿಕ್ಕಿದ್ದು?"

"ಗಡಿ ದಾಟಿ ಹೋಯ್ತು."

ಈ ಜ್ವರ ಅಡಗುವ ಮಳೆಗಾಲ ಇನ್ನೂ ದೂರವಿತ್ತು. ಕೇರಿಯ ಮಕ್ಕಳಿಗೆ ಹಾಕಲು ಬಿಲ್ಕಿಸುವಿನ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ಕಳ್ಳ ಸಿಕ್ಕರೂ ಮದ್ದು ಸಿಗದ್ದಕ್ಕೆ ಅವಳಿಗೆ ಅಳು ಬಂತು.

ಪೊಲೀಸಿನವನು ಲಾವಲಿಯನ್ನು ರಟ್ಟೆ ಹಿಡಿದು ಎಬ್ಬಿಸಿದ. ಬಾಗಿಲಲ್ಲಿ ದೇಲು ನಿಂತಿದ್ದಳು, ಅವಳ ಹಿಂದೆ ಇಡೀ ಕೇರಿ. ಅವರೆಲ್ಲರ ಮುಂದೆ ಲಾವಲಿ ತಿರುಗಿ ಹೆಸರು ಹಿಡಿದು ಕೂಗಿದ:

"ತಲಾತು! ತಲಾತೂ, ನನ್ನ ಮಗಳೇ!"

ಹುಡುಗಿ ಗೆರೆ ಎಳೆಯುತ್ತಲೇ ಇದ್ದಳು. ಹೋಗುವಾಗ ಜ್ವರ ಅವಳ ಕಿವಿಗಳನ್ನು ಒಯ್ದಿತ್ತು.