ಮುಟ್ಟದ ತಟ್ಟೆ

ಬರುವವರ ಪಟ್ಟಿಯಲ್ಲಿ ಆ ಹೆಸರು ಕಂಡಾಗ ಮೇಘಶ್ರೀಗೆ ಮೊದಲು ಬಂದದ್ದು ನಗು. ಉದಯಕುಮಾರ್, ಬೇಲೂರು. ಹನ್ನೆರಡನೇ ನಂಬರಿನ ಬಂಗಲೆ, ನಾಲ್ಕು ದಿನ, ಇಬ್ಬರು. ಎಂಟು ವರ್ಷದಿಂದ ಹೊಟ್ಟೆಯೊಳಗಿಟ್ಟುಕೊಂಡಿದ್ದ ಸಿಟ್ಟಿಗೆ ದೇವರೇ ವಿಮಾನದ ಟಿಕೆಟ್ ಮಾಡಿಸಿ ಆಸಾಮಿಯನ್ನು ಕಳಿಸಿಕೊಟ್ಟಿದ್ದಾನೆ ಅಂದುಕೊಂಡಳು.

'ಇಬ್ಬರು' ಎಂಬ ಮಾತು ಮಾತ್ರ ಸ್ವಲ್ಪ ಚುಚ್ಚಿತು. ಚುಚ್ಚಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಮಾಲ್ಡೀವ್ಸ್‌ನ ಒಂದು ಪುಟ್ಟ ದ್ವೀಪ ಅದು. ನೀರಿನೊಳಗೆ ಕಂಬ ನೆಟ್ಟು ಕಟ್ಟಿದ ಮೂವತ್ತು ಬಂಗಲೆಗಳು, ಅವಕ್ಕೆಲ್ಲ ಹೋಗಲು ಉದ್ದನೆಯ ಹಲಗೆಯ ದಾರಿ. ದೊಡ್ಡವರಿಗೆ ಮಾತ್ರ ಪ್ರವೇಶ. ಬಂದವರ ಬೇಕು ಬೇಡ ನೋಡಿಕೊಳ್ಳುವ ಮ್ಯಾನೇಜರ್ ಕೆಲಸ ಮೇಘಶ್ರೀಯದು. ಅರಸೀಕೆರೆಯಿಂದ ಫೋನ್ ಮಾಡಿದಾಗಲೆಲ್ಲ ಅಮ್ಮ ಸುವರ್ಣಮ್ಮ, "ಮಕ್ಕಳೇ ಇಲ್ಲದ ಊರಲ್ಲಿ ಏನೇ ಮಾಡ್ತೀಯಾ?" ಎಂದು ಕೇಳುತ್ತಿದ್ದರು. "ಮದುವೆಯಾದೋರ ಹಾಸಿಗೆ ಮೇಲೆ ಹೂ ಚೆಲ್ತೀನಿ ಕಣಮ್ಮ" ಎಂದರೆ ಆ ಕಡೆಯಿಂದ ಒಂದು ನಿಟ್ಟುಸಿರು ಬರುತ್ತಿತ್ತು.

ಆ ನಿಟ್ಟುಸಿರಿಗೆ ಕಾರಣ ಇದೇ ಉದಯಕುಮಾರ್.

ತೊಂಬತ್ತಾರರಲ್ಲಿ ಅವನು ಅವಳನ್ನು ನೋಡಲು ಬಂದಿದ್ದ. ಬೇಲೂರಿನಲ್ಲಿ ಪಂಪ್‌ಸೆಟ್ ಅಂಗಡಿ, ಎತ್ತರದ ಆಳು, ಮಾತು ಕಡಿಮೆ. ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಹಿಡಿದು ಮೇಘಶ್ರೀ ನಡುಮನೆಗೆ ಬಂದಾಗ ತಲೆಯೆತ್ತಿ ನೋಡಿದ. ನೋಡಿ, ಕಣ್ಣು ತೆಗೆಯುವುದನ್ನು ಮರೆತ. ಆ ಒಂದು ಗಳಿಗೆಯಲ್ಲಿ ಅವಳು ಒಪ್ಪಿಬಿಟ್ಟಿದ್ದಳು. ಆಮೇಲೆ ಅವನ ಕೈ ತಟ್ಟೆಯ ಕಡೆ ಬಂತು, ನಿಂತಿತು, ಹಿಂದಕ್ಕೆ ಹೋಯಿತು. ಕೊನೆಯವರೆಗೂ ಮುಟ್ಟಲಿಲ್ಲ. ನೀರನ್ನೂ ಕುಡಿಯಲಿಲ್ಲ.

ಹುಡುಗ ತಟ್ಟೆ ಮುಟ್ಟಲಿಲ್ಲವೆಂದರೆ ಹುಡುಗಿ ಹಿಡಿಸಲಿಲ್ಲ ಎಂದೇ ಅವರ ಪೈಕಿ ಲೆಕ್ಕ. ಅವನ ತಾಯಿಯೂ ಸೋದರಮಾವನೂ ಅರ್ಧ ತಿಂದ ತಟ್ಟೆಗಳನ್ನು ಕೆಳಗಿಟ್ಟು, "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಎದ್ದರು. ಸಂಜೆಯೊಳಗೆ ಕೊಬ್ಬರಿ ಮಂಡಿಯಲ್ಲೆಲ್ಲ ಅದೇ ಮಾತು: ಕರಿಬಸವಯ್ಯನವರ ಮೊಮ್ಮಗಳ ಕೈಯ ನೀರನ್ನೂ ಮುಟ್ಟದೆ ಹೋದರಂತೆ.

ಮೇಘಶ್ರೀ ಅದನ್ನು ಮರೆಯಲಿಲ್ಲ. ಮರೆಯುವುದು ಅವಳ ಜಾಯಮಾನವೇ ಅಲ್ಲ.

ಸ್ಪೀಡ್‌ಬೋಟಿನಿಂದ ಅವನು ಒಬ್ಬನೇ ಇಳಿದ. ಕಿವಿಯ ಬಳಿ ನಾಲ್ಕು ಬಿಳಿ ಕೂದಲು ಬಿಟ್ಟರೆ ಅದೇ ಆಳು. ಅವನ ಕಣ್ಣು ಅವಳ ಕೋಟಿನ ಹೆಸರಿನ ಬ್ಯಾಡ್ಜಿನ ಮೇಲೆ ನಿಂತಿತು, ಮುಖಕ್ಕೆ ಏರಿತು, ಮತ್ತೆ ಬ್ಯಾಡ್ಜಿಗೆ ಇಳಿಯಿತು. ಅವಳು ಬೇಕೆಂದೇ ನೆಟ್ಟಗೆ ನೋಡಿದಳು.

"ವೆಲ್‌ಕಮ್ ಸರ್. ಮೇಡಂ ಎಲ್ಲಿ?"

"ಯಾವ ಮೇಡಂ?"

"ಇಬ್ಬರಿಗೆ ಅಂತ ಬುಕ್ ಆಗಿದೆ."

"ಪಂಪ್ ಕಂಪನಿಯೋರು ಪ್ರೈಜ್ ಕೊಟ್ಟಿದ್ದು ಇಬ್ಬರಿಗೆ ಕಣ್ರೀ. ಇರೋನು ನಾನೊಬ್ಬನೇ."

ಅವಳ ಎದೆ ಯಾಕೋ ಹಗುರಾಯಿತು. ಮರುಗಳಿಗೆಗೇ ತನ್ನನ್ನು ತಾನು ಬೈದುಕೊಂಡು, ಮಾಡಬೇಕಾದ ಕೆಲಸಕ್ಕೆ ಕೈ ಹಾಕಿದಳು.

ಮೊದಲ ದಿನ ಅವನ ಹಾಸಿಗೆಯ ಮೇಲೆ ಟವೆಲ್ಲಿನಲ್ಲಿ ಮಡಿಸಿದ ಹಂಸದ ಜೋಡಿ, ಸುತ್ತ ಗುಲಾಬಿ ಎಸಳು, 'ನವದಂಪತಿಗಳಿಗೆ ಶುಭಾಶಯ' ಎಂದು ಬರೆದ ಕೇಕು. ಎರಡನೆಯ ದಿನ ಅವನ ಮೇಜಿನ ಮುಂದೆ ಪಿಟೀಲಿನವನನ್ನು ನಿಲ್ಲಿಸಿ, ಎದುರಿನ ಖಾಲಿ ಕುರ್ಚಿಗೆ ಬಗ್ಗಿ ಬಗ್ಗಿ ನುಡಿಸಲು ಹೇಳಿದಳು. ಸಂಜೆ ಇಬ್ಬರು ಹುಟ್ಟು ಹಾಕುವ ದೋಣಿಯಲ್ಲಿ ಒಬ್ಬನನ್ನೇ ಕೂರಿಸಿ ನೀರಿಗೆ ತಳ್ಳಿಸಿದಳು. ಅದು ಇದ್ದಲ್ಲೇ ಸುತ್ತತೊಡಗಿತು. ಹಲಗೆಯ ದಾರಿಯಲ್ಲಿ ನಿಂತ ಜೋಡಿಗಳೆಲ್ಲ ನಕ್ಕರು. ಅವನು ತೊಯ್ದ ಅಂಗಿಯಲ್ಲೇ ಮೇಲೆ ಬಂದ.

"ಥ್ಯಾಂಕ್ಸ್ ಮೇಡಂ. ಭಾಳ ಚೆನ್ನಾಗಿ ನೋಡ್ಕೊಳ್ತಾ ಇದೀರಿ."

"ನಮ್ಮ ಕೆಲಸ ಸರ್."

"ಬೇರೆಯೋರಿಗೂ ಹಿಂಗೇನಾ, ಇಲ್ಲಾ ನಂಗೊಬ್ಬನಿಗಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ. ತುಟಿಯಂಚಿನಲ್ಲಿ ಸಣ್ಣ ನಗೆಯಿತ್ತು. ಮೇಘಶ್ರೀಗೆ ಮೈ ಉರಿದುಹೋಯಿತು. ಆ ನಗೆ ಚೆನ್ನಾಗಿದೆ ಅನ್ನಿಸಿದ್ದಕ್ಕೆ ಇನ್ನೂ ಉರಿಯಿತು.

ಮೂರನೆಯ ದಿನ ಮಧ್ಯಾಹ್ನಕ್ಕೆ ಅಸಲಿ ಸೇಡು. ಅಡುಗೆಮನೆಯಲ್ಲಿ ತಾನೇ ನಿಂತು ಉಪ್ಪಿಟ್ಟು, ಕೇಸರಿಬಾತು ಮಾಡಿದಳು. ಅವನ ಮುಂದೆ ಇಡುವುದು, ಅವನು ಕೈ ಚಾಚಿದ ಕೂಡಲೇ ಎಲ್ಲರೆದುರು ತಟ್ಟೆ ಎತ್ತಿಕೊಂಡು ಹೋಗುವುದು. ಎಂಟು ವರ್ಷದಲ್ಲಿ ಎಷ್ಟು ಸಲ ಮನಸ್ಸಿನಲ್ಲಿ ಎತ್ತಿದ್ದಳೋ ಆ ತಟ್ಟೆಯನ್ನು.

ತಟ್ಟೆ ಕಂಡು ಅವನ ಮುಖ ಬದಲಾಯಿತು. ಕೊರಳಿಗೆ ಕೈ ಹಾಕಿ, ಅಂಗಿಯೊಳಗಿನ ಬೆಳ್ಳಿ ಕರಡಿಗೆಯನ್ನು ತೆಗೆದು ಕಣ್ಣಿಗೊತ್ತಿಕೊಂಡ. ಆಮೇಲೆ ಕೈ ಚಾಚಿದ. ಮೇಘಶ್ರೀ ತಟ್ಟೆ ಹಿಡಿದಳು. ಅವನೂ ಹಿಡಿದ.

"ಬಿಡ್ರೀ," ಎಂದಳು.

"ನೀವು ಬಿಡ್ರೀ. ಇದನ್ನ ತಿನ್ನೋಕೇ ನಾನು ಬಂದಿರೋದು."

"ಆವತ್ತು ವಿಷ ಆಗಿತ್ತಾ?"

"ಆವತ್ತು ಇದಿರಲಿಲ್ಲ ಕಣ್ರೀ!" ಅವನು ಕರಡಿಗೆ ಎತ್ತಿ ತೋರಿಸಿದ. ದನಿ ಏರಿತ್ತು. ಪಕ್ಕದ ಮೇಜಿನವರು ತಿರುಗಿ ನೋಡಿದರು. "ಹೊಸ ದಾರ ಹಾಕೋಕೆ ಅಂತ ಬೆಳಿಗ್ಗೆ ಬಿಚ್ಚಿ ದೇವರ ಗೂಡಲ್ಲಿಟ್ಟೆ. ಕಾರು ಹಾರನ್ ಹೊಡೀತು, ಓಡಿಬಂದೆ. ಹಳೇಬೀಡು ದಾಟಿ ನಿಮ್ಮ ಮನೇಗೆ ಬಂದು ತಟ್ಟೆ ಮುಂದೆ ಕೂತಾಗ ಎದೆ ಮುಟ್ಕೊಂಡ್ರೆ ಲಿಂಗ ಇಲ್ಲ!"

ಮೇಘಶ್ರೀಯ ಕೈ ಸಡಿಲಾಯಿತು. ಇಷ್ಟಲಿಂಗ ಮೈಮೇಲಿಲ್ಲದೆ ನೇಮಸ್ಥರು ನೀರನ್ನೂ ಮುಟ್ಟುವುದಿಲ್ಲ. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

"ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಎದುರಿಗೆ ನಿಮ್ಮ ತಾತ ಕೂತಿದ್ರಲ್ಲ. ಲಿಂಗ ಇಲ್ಲ ಅಂತ ಸ್ವಂತ ತಂಗಿ ಮಗನ್ನೇ ಪಂಕ್ತಿಯಿಂದ ಎಬ್ಬಿಸಿ ಕಳಿಸಿದೋರು. ಬಾಯಿ ಬರಲಿಲ್ಲ. ದಾರೀಲಿ ಅಮ್ಮನಿಗೆ ಹೇಳ್ದೆ, ಹುಡುಗಿ ಒಪ್ಪಿಗೆ ಅಂತ ಕಾಗದ ಬರೆಯೋಣ ಅಂದ್ರು. ಅಷ್ಟರೊಳಗೆ ಸಂಬಂಧ ತಂದಿದ್ದ ಸಿದ್ದಬಸಪ್ಪ ಬಂದು ನಿಮ್ಮ ತಾತನ ಮಾತು ಒಪ್ಪಿಸಿದ. 'ಹುಡುಗನ ಮುಖ ನೋಡಿ ನಮಗೇ ಹಸಿವು ಹೋಯ್ತು.' ಆ ಮಾತು ಎಂಟು ವರ್ಷದಿಂದ ಇಲ್ಲಿ ಕೂತಿದೆ ಕಣ್ರೀ. ನೀವಿಲ್ಲಿರೋದು ಅವನಿಂದ್ಲೇ ಗೊತ್ತಾಯ್ತು. ಕಂಪನಿಯೋರು ಟಿವಿ ತಗೊಳ್ಳಿ, ಬೈಕ್ ತಗೊಳ್ಳಿ ಅಂದ್ರು. ಇದೇ ಬೇಕು ಅಂದೆ. ನಿಮ್ಮ ಮುಂದೆ ಹೊಟ್ಟೆ ತುಂಬ ತಿಂದು, ನಂಗೆ ಹಸಿವು ಚೆನ್ನಾಗೇ ಇದೆ ಅಂತ ನಿಮ್ಮ ತಾತನಿಗೆ ಹೇಳಿ ಅನ್ನೋಣ ಅಂತ."

ಮೇಘಶ್ರೀ ತಟ್ಟೆಯಿಂದ ಕೈ ತೆಗೆದಳು. ಆ ಮಾತು ಯಾರದೆಂದು ಅವಳಿಗೆ ಗೊತ್ತಿತ್ತು. ಹೇಳಲು ಸೊಕ್ಕು ಬಿಡಲಿಲ್ಲ. ಇಷ್ಟು ದಿನ ಸಾಕಿಕೊಂಡು ಬಂದ ಸೇಡನ್ನು ಹೀಗೆ ಬರಿಗೈಯಲ್ಲಿ ಕಳಿಸಲು ಮನಸ್ಸಾಗಲಿಲ್ಲ.

"ಬನ್ನಿ ಆಫೀಸಿಗೆ," ಎಂದಳು. "ತಾತ ಇನ್ನೂ ಗಟ್ಟಿಯಾಗಿದಾರೆ. ಫೋನ್ ಮಾಡಿ ಕೊಡ್ತೀನಿ. ಲಿಂಗ ಮರೆತು ಹೆಣ್ಣು ನೋಡೋಕೆ ಬಂದಿದ್ದೆ ಅಂತ ಅವರ ಹತ್ರಾನೇ ಹೇಳಿ."

ಅವನ ಮುಖ ಬಿಳಿಚಿತು. ಆದರೂ ಎದ್ದ.

ಫೋನ್ ಅರಸೀಕೆರೆಯಲ್ಲಿ ರಿಂಗಾಯಿತು. ಕಿವಿ ಮಂದವಾದ ಕರಿಬಸವಯ್ಯನವರು ಕೂಗಿ ಕೂಗಿ ಮಾತಾಡುತ್ತಿದ್ದರು. ರಿಸೀವರ್ ಅವನ ಕೈಯಲ್ಲಿದ್ದರೂ ಒಂದೊಂದು ಮಾತೂ ಮೇಘಶ್ರೀಗೆ ಕೇಳುತ್ತಿತ್ತು. ಅವನು ತಡವರಿಸುತ್ತ ಎಲ್ಲ ಹೇಳಿ ಮುಗಿಸಿದ.

"ಅಯ್ಯೋ, ಅದು ನಂಗೆ ಆವತ್ತೇ ಗೊತ್ತಾಗಿತ್ತಲ್ಲಪ್ಪ!" ತಾತ ಅಂದರು. "ನೀನು ಕಾಲಿಗೆ ಬಿದ್ದಾಗ್ಲೇ ನೋಡ್ದೆ, ಕೊರಳಲ್ಲಿ ಶಿವದಾರ ಇರ್ಲಿಲ್ಲ. ತಿಂದಿದ್ರೆ ಎಬ್ಬಿಸಿ ಕಳುಸ್ತಿದ್ದೆ. ಒಂದು ಗುಟುಕು ನೀರೂ ಮುಟ್ಲಿಲ್ವಲ್ಲ, ಇವನೇ ನಮ್ಮುಡುಗೀಗೆ ಸರಿ ಅಂದ್ಕಂಡೆ. ಮೂರು ದಿನ ಬಿಟ್ಟು ಸಿದ್ದಬಸಪ್ಪನ್ನ ಕರೆಸಿದ್ರೆ, ಹುಡುಗಿನೇ ಬ್ಯಾಡ ಅಂದವಳೆ, ಅದನ್ನ ಹೋಗಿ ಹೇಳಿನೂ ಬಂದೆ ಅಂದ. ಅವಳೇ ಒಲ್ಲೆ ಅಂದ್ಮೇಲೆ ಬಲವಂತ ಮಾಡೋಕಾಗ್ತೈತಾ? ಸುಮ್ಕಾದೆ."

ಅವನು ಮೆಲ್ಲಗೆ ರಿಸೀವರ್ ಇಟ್ಟ.

"ಹಸಿವಿನ ಮಾತು ನಿಮ್ಮದಾ?"

"ನಂದೇ. ತಾತ ಅಂದದ್ದು ಅಂತ ಹೇಳು ಅಂದು, ಮನೇಲಿ ಯಾರಿಗೂ ಹೇಳದೆ ಸಿದ್ದಬಸಪ್ಪನ ಬಾಯಲ್ಲಿ ಕಳಿಸಿದ್ದೆ."

"ಎಂಟು ವರ್ಷ ಆ ಹಿರಿಯರನ್ನ ಬೈದೆನಲ್ರೀ! ಅವರ ತೋಟದ ಬಾವಿಗೆ ಪಂಪ್ ಬೇಕು ಅಂತ ಜನ ಕಳಿಸಿದ್ರೆ ಸ್ಟಾಕ್ ಇಲ್ಲ ಅಂತ ಸುಳ್ಳು ಹೇಳ್ದೆ."

ಮೇಘಶ್ರೀ ನಗಲು ಹೋದಳು, ಅಳು ಬಂತು. ಇಷ್ಟು ವರ್ಷ ಯಾರನ್ನೋ ಹುಡುಕಿಕೊಂಡು ಹೊರಟ ಸಿಟ್ಟು ಮನೆಯೆಲ್ಲ ಸುತ್ತಿ ಕೊನೆಗೆ ಅವಳ ಮುಂದೆಯೇ ಬಂದು ನಿಂತಿತ್ತು.

"ಹಂಗಾದ್ರೆ ಸೇಡು ತೀರಿಸ್ಕೋಬೇಕಾದೋರು ನೀವು," ಎಂದಳು. "ಬೈರಿ. ಏನಂದ್ರೂ ಕೇಳಿಸ್ಕೊಳ್ತೀನಿ."

ಅವನು ಬೈಯಲಿಲ್ಲ. ಆವತ್ತು ನಡುಮನೆಯಲ್ಲಿ ನೋಡಿದ ಹಾಗೆ, ಕಣ್ಣು ತೆಗೆಯದೆ ನೋಡಿದ. "ನಿಮ್ಮನ್ನ ನೋಡೋಕೆ ಆಮೇಲೂ ಜನ ಬಂದ್ರು ಅಂತ ಕೇಳಿದ್ದೆ. ಯಾಕೆ ಒಪ್ಪಲಿಲ್ಲ?"

ಅವಳು ಕಣ್ಣೊರೆಸಿಕೊಂಡಳು.

"ಬಂದೋರೆಲ್ಲ ತಟ್ಟೆ ಖಾಲಿ ಮಾಡಿದ್ರು. ಯಾರ ಮೇಲೂ ಸಿಟ್ಟೇ ಬರಲಿಲ್ಲ."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ನನ್ನ ಮೇಲೆ ಈಗಲೂ ಇದೆಯಾ?"

"ಇದೆ," ಎಂದಳು, ತಲೆ ತಗ್ಗಿಸಿ. "ಭಾಳ ಇದೆ."

ಉದಯಕುಮಾರ್ ರಿಸೀವರ್ ಎತ್ತಿ ಅವಳ ಕೈಗೆ ಕೊಟ್ಟ. "ತಾತನಿಗೆ ಇನ್ನೊಂದು ಸಲ ಫೋನ್ ಮಾಡ್ರೀ," ಎಂದ. "ಈ ಸಲ ಮಾತು ನೀವೇ ಆಡಿ."